ಸಣ್ಣ ಆಡಿನ ಮರಿಗೆ ಗಿಡದ ತಪ್ಪಲ: ಹಾಕಿದವರು ಹೇಳ್ರಿ

ಶಿರಹಟ್ಟಿ ಕಡೆಯವರು: ನಮ್ಮಲ್ಲೆ ಐದು ಆಡಿನ ಮರಿ ಅದಾವ, ಒಂದೂವರಿ ತಿಂಗಳಿನವು. ಎರಡಕ್ಕ ತಾಯಿ ಹಾಲು ಸಾಲವಲ್ದು, ಸವರಿದ್ರ ಬೆನ್ನೆಲುಬು ಕೈಗೆ ಹತ್ತತೈತಿ. ಬದುವಿನ್ಯಾಗ ಸುಬಾಬುಲ್, ಬೇವು, ಜಾಲಿ ಅದಾವ. ತಪ್ಪಲ ಹಾಕಿದ್ರ ಹೊಟ್ಟಿ ಉಬ್ಬತೈತಿ ಅಂತಾರ ನಮ್ಮತ್ತಿ. ಏನ್ ಮಾಡ್ಲಿ?

ಕಲಘಟಗಿ: ಅಕ್ಕಾರ, ಅತ್ತಿಯವರದ್ದು ಅರ್ಧ ಖರೆ. ಹಸಿದ ಮರಿಗೆ ಒಮ್ಮೆಲೆ ತೊಯ್ದ ತಪ್ಪಲ ಸುರುವಿದ್ರ ಉಬ್ಬತೈತಿ. ಆದ್ರ ಹಾಕದ ಇದ್ರೂ ತಪ್ಪು. ಹುಟ್ಟಿದಾಗ ಮೇವು ಅರಗಿಸೂ ದೊಡ್ಡ ಹೊಟ್ಟಿ ಇನ್ನೂ ಸಣ್ಣದಿರತೈತಿ, ಹಾಲು ಅದನ್ನ ದಾಟಿ ಮುಂದ ಹೋಗತೈತಿ. ಎರಡು ವಾರಕ್ಕ ತಾಯಿನ್ನ ನೋಡಿ ಎಲಿ ಕಡಿಯಾಕ ಹತ್ತತಾವಲ್ಲ, ಅದರಿಂದನ ಆ ಹೊಟ್ಟಿ ಬೆಳಿಯೂದು. ಎಂಟು ವಾರಕ್ಕ ಒಂದು ಹದಕ್ಕ ಬರತೈತಿ. ನಿಮ್ಮವು ಇನ್ನೂ ನಡುವ ಅದಾವ, ಹಾಲು ಬಿಡಿಸಬ್ಯಾಡ್ರಿ. ಆ ಎರಡಕ್ಕ ಬ್ಯಾರೆ ಆಡಿನ ಹಾಲು ಬಾಟ್ಲಿಲೆ ಕುಡಿಸ್ರಿ. ನಾನು ಮೊದಲ ಸಲ ‘ತಿಂತಾವಲ್ಲ’ ಅಂತ ಎರಡು ತಿಂಗಳಿಗೇ ತಾಯಿಂದ ಬಿಡಿಸಿ ಎರಡು ಮರಿ ಸೊರಗಿಸಿದೆ. ಈಗ ಮೂರು ತಿಂಗಳಾಗೂತನಕ ಆ ಮಾತಿಲ್ಲ.

ಇನ್ನೊಂದು, ತಪ್ಪಲ ನೆಲಕ್ಕ ಚೆಲ್ಲಬ್ಯಾಡ್ರಿ. ಸಿವುಡು ಕಟ್ಟಿ ಮರಿ ಮೂತಿ ಎತ್ತರಕ್ಕ ತೂಗಬಿಡ್ರಿ. ತುಳಿದದ್ದನ್ನ ಆಡು ಮೂಸೂದಿಲ್ಲ. ಹಿಕ್ಕಿಯೊಳಗಿನ ಜಂತಿನ ತತ್ತಿ ಬಾಯಿಗೆ ಹೋಗೂದೂ ಕಡಿಮಿ ಆಗತೈತಿ.

ರೋಣ: ಸುಬಾಬುಲ್ ಛಲೋ ತಪ್ಪಲ, ಒಣಗಿಸಿ ತೂಗಿದ್ರ ನೂರಕ್ಕ 20ರಷ್ಟು ಪ್ರೋಟೀನ್ ಸಿಗತೈತಿ. ಆದ್ರ ಅದರಾಗ ಮಿಮೋಸಿನ್ ಅನ್ನೂ ವಿಷಾನೂ ಐತಿ. ಬರೇ ಅದನ್ನ ಹಾಕಿದ್ರ ಕೂದಲ ಉದರತಾವ, ಗಂಟಲದಾಗ ಥೈರಾಯ್ಡ್ ಊದತೈತಿ. ಒಟ್ಟು ಮೇವಿನ ಮೂರನೇ ಪಾಲು ದಾಟಬಾರದು. ಮರಿಗೆ ಒಂದು ಮುಷ್ಟಿಯಿಂದ ಶುರು ಮಾಡ್ರಿ. ಜಾಲಿ ಒಗರು, ಆ ಒಗರು ಪ್ರೋಟೀನ್ ಹಿಡಕೊಂಡ ಬಿಡತೈತಿ. ಅದು ಬಾಯಿ ಚಪಲಕ್ಕಷ್ಟ. ಬೇವು ಜಂತಿಗೆ ಒಳ್ಳೇದು ಅಂತ ನಮ್ಮ ಕಡೆನೂ ಹಾಕ್ತಾರ. ಹಾಕ್ರಿ, ಆದ್ರ ಅದನ್ನ ನಂಬಿ ದವಾಖಾನಿಯ ಜಂತಿನ ಔಷಧ ಬಿಡಬ್ಯಾಡ್ರಿ.

ಹಾವೇರಿ: ಬದುವಿನ್ಯಾಗ ನಾಕು ಚೊಗಚಿ ಹಚ್ಚ್ರಿ ಅಕ್ಕಾರ. ಇದನ್ನ ಅಗಸಿ ಅಂತನೂ ಅಂತಾರ, ಚಟ್ನಿ ಮಾಡೂ ಅಗಸಿ ಅಲ್ಲ ಮತ್ತ! ಎಲಿ ಮೆತ್ತಗ, ಮರಿ ಬಾಯಿಗೆ ಸಲೀಸು. ನುಗ್ಗಿನೂ ನಡೀತೈತಿ. ಮೇವಿನ ಗಿಡದ ಬಗ್ಗೆ ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದಾಗ ಕೇಳಿ ನೋಡ್ರಿ. ಎಳಿ ಜೋಳ ಮಾತ್ರ ಮುಟ್ಟಿಸಬ್ಯಾಡ್ರಿ, ಅದರಾಗೂ ಮಳಿ ಇಲ್ಲದ ಬಾಡಿದ್ದು ಕುಂತಲ್ಲೇ ಕೆಡವತೈತಿ. ಕಣಗಿಲನೂ ಹಂಗ.

ಶಿರಹಟ್ಟಿ ಕಡೆಯವರು: ಅತ್ತಿಗೆ ಎಲ್ಲಾ ಓದಿ ಹೇಳಿದೆ. ‘ಹಾಲಿನ ಜೋಡಿ ಆದ್ರ ಹಾಕು’ ಅಂದ್ರು. ನಿನ್ನೆ ಒಂದು ಸಿವುಡು ತೂಗಬಿಟ್ಟೆ. ಮರಿ ಮೂಸೂದ್ರೊಳಗ ತಾಯಂದಿರು ಬಂದು ಕಡ್ಡಿ ಉಳಿಸಿ ಹೋದ್ವು.

ಕಲಘಟಗಿ: ದಡ್ಡಿ ಮೂಲ್ಯಾಗ ಅಡ್ಡ ಒಂದು ತಟ್ಟಿ ಕಟ್ರಿ, ಮರಿ ನುಸುಳೂವಷ್ಟ ಸಂದಿ ಬಿಟ್ಟು. ತಪ್ಪಲ ಅದರ ಒಳಗ. ತಾಯಿ ಹೊರಗ ನಿಂತು ಒದರತಾವ, ಒದರಲಿ ಬಿಡ್ರಿ.