ಮಗಳಿಗೆ ಇನ್ನೊಂದು ಸೀಸನ್ ಬಾಕಿ ಇದೆ. ಆಡು ಅನ್ನಲೋ, ಸಾಕು ಅನ್ನಲೋ?

ಅರಸೀಕೆರೆಯವನು (ಕ್ಯಾರಿ, ನಾರ್ತ್ ಕೆರೊಲಿನಾ), ಏಪ್ರಿಲ್ 2025

ಎಲ್ಲರಿಗೂ ನಮಸ್ಕಾರ. ಇದು ಬಾಸ್ಕೆಟ್‌ಬಾಲ್ ವಿಷಯ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ಬೇಡ ಅನ್ನುವವರು ದಾಟಿಕೊಂಡು ಹೋಗಿ, ಬೇಜಾರಿಲ್ಲ. ಹತ್ತು ವರ್ಷದ ಹಿಂದೆ ನಾನೂ ಹಾಗೇ ಇದ್ದೆ.

ನಮ್ಮ ದೊಡ್ಡ ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಒಂದು ಸಣ್ಣ ಡಿವಿಷನ್ ಒನ್ (ಕಾಲೇಜು ಆಟದ ಮೇಲಿನ ಹಂತ) ಕಾಲೇಜಿನ ತಂಡದಲ್ಲಿ ಗಾರ್ಡ್, ಅಂದರೆ ಚೆಂಡು ನಡೆಸುವ ಜಾಗ. ಹೆಚ್ಚಾಗಿ ಬೆಂಚಿನಿಂದ ಎದ್ದು ಆಡುವವಳು. ಕಾಲೇಜಿನ ಹೆಸರು ಬೇಡ. ಟಿವಿಯಲ್ಲಿ ಬರುವ ತಂಡವಲ್ಲ, ಮನೆಯಿಂದ ಎರಡೂವರೆ ಗಂಟೆಯ ದಾರಿ. ಎರಡನೇ ವರ್ಷ, 2022ರ ಡಿಸೆಂಬರ್‌ನಲ್ಲಿ, ಏಳನೇ ಪಂದ್ಯದಲ್ಲಿ ಎಡಮಂಡಿಯೊಳಗಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿಯಿತು. ಯಾರೂ ತಳ್ಳಲಿಲ್ಲ, ಯಾರೂ ಮುಟ್ಟಲಿಲ್ಲ. ಓಡಿ ಬಂದಳು, ಕಾಲೂರಿ ತಿರುಗಿದಳು, ಅಲ್ಲೇ ಕೂತಳು. ನಾನು ಪಾಪ್‌ಕಾರ್ನ್ ತರಲು ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಇಡೀ ಹಾಲ್ ಸುಮ್ಮನಿತ್ತು.

ನಿಯಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಲೆಕ್ಕದಲ್ಲಿ ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದು. ಸೀಸನ್ನಿನ ಮೊದಲ ಅರ್ಧದಲ್ಲೇ ಪೆಟ್ಟು ಬಿದ್ದು, ಆಡಿದ ಪಂದ್ಯಗಳು ಶೇ. 30 ದಾಟಿರದಿದ್ದರೆ ಆ ಸೀಸನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಕೇಳಿಕೊಳ್ಳಬಹುದು. ಇದಕ್ಕೆ ಮೆಡಿಕಲ್ ರೆಡ್‌ಶರ್ಟ್ ಅನ್ನುತ್ತಾರೆ. ಇವಳಿಗೆ ಅದು ಸಿಕ್ಕಿದೆ. ಕೋವಿಡ್ ಹೊತ್ತಿನಲ್ಲಿ ಆಟಗಾರರೆಲ್ಲರಿಗೂ ಹೆಚ್ಚುವರಿಯಾಗಿ ಹಂಚಿದ ವರ್ಷ ಬೇರೆ, ಇದು ಬೇರೆ. 2020ರಲ್ಲಿ ಸೇರಿದ ಆ ಬ್ಯಾಚು ಬಹುಪಾಲು ಈ ವರ್ಷಕ್ಕೆ ಖಾಲಿಯಾಯಿತು.

ಅಂದರೆ 2025-26ರಲ್ಲೂ ಇವಳು ಆಡಬಹುದು. ಡಿಗ್ರಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಶಾರ್ಲೆಟ್‌ನಲ್ಲಿ ಕೆಲಸ ಸಿಕ್ಕಿದೆ, ಜುಲೈನಲ್ಲಿ ಸೇರಬೇಕು. ಇತ್ತ ಕೋಚ್, 'ಸ್ಕಾಲರ್‌ಶಿಪ್ ಮುಂದುವರಿಸುತ್ತೇವೆ, ಮಾಸ್ಟರ್ಸ್ ಶುರು ಮಾಡು' ಅನ್ನುತ್ತಿದ್ದಾರೆ. ತಿಂಗಳ ಕೊನೆಯೊಳಗೆ ಉತ್ತರ ಬೇಕಂತೆ.

ನಾನು 2003ರಲ್ಲಿ ಎಂಎಸ್‌ಗೆ ಬಂದಾಗ ನಮ್ಮಪ್ಪ ತೆಂಗಿನ ತೋಟದ ಪತ್ರ ಬ್ಯಾಂಕಿನಲ್ಲಿಟ್ಟಿದ್ದರು. ಆ ಪತ್ರ ಬಿಡಿಸಿಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿಯಿತು. ಸೀಟೂ ಇದೆ, ಫೀಸೂ ಇಲ್ಲ ಅಂದರೆ ನನ್ನಂಥವನ ಬಾಯಲ್ಲಿ ಬೇಡ ಅನ್ನುವ ಮಾತು ಹೇಗೆ ಬರಬೇಕು ಹೇಳಿ. ನನ್ನ ಹೆಂಡತಿ ಮಾತ್ರ 'ಮಂಡಿ ಉಳಿದರೆ ಸಾಕು' ಅನ್ನುತ್ತಾಳೆ. ಮಗಳನ್ನು ಕೇಳಿದರೆ 'ಗೊತ್ತಿಲ್ಲ ಅಪ್ಪ'.

ಫೆಬ್ರವರಿಯಲ್ಲಿ ಸೀನಿಯರ್ ನೈಟ್ ಕೂಡ ಆಯಿತು. ಕೊನೇ ವರ್ಷದವರ ಜೊತೆ ಅಪ್ಪ ಅಮ್ಮ ಅಂಕಣದ ಮಧ್ಯಕ್ಕೆ ನಡೆದುಹೋಗುತ್ತಾರಲ್ಲ, ಹೂಗುಚ್ಛ, ಫ್ರೇಮ್ ಹಾಕಿದ ಜೆರ್ಸಿ, ಅದೆಲ್ಲ. ನನ್ನ ಹೆಂಡತಿ ಮೈಸೂರು ಸಿಲ್ಕ್ ಉಟ್ಟು ಬಂದಿದ್ದಳು. ಮಗಳು ಇನ್ನೊಂದು ವರ್ಷ ಆಡಿದರೆ ಇನ್ನೊಂದು ಸಲ ನಡೆಯಬೇಕು. ಹಾಗೆ ಎರಡೆರಡು ಸಲ ನಡೆದವರು ಬೇಕಾದಷ್ಟಿದ್ದಾರಂತೆ.

ಈ ಊರಲ್ಲಿ ಇದ್ದ ಮೇಲೆ ನಾರ್ತ್ ಕೆರೊಲಿನಾ ಯೂನಿವರ್ಸಿಟಿ ತಂಡದ ಅರ್ಮಾಂಡೊ ಬೇಕಾಟ್ ನೆನಪಾಗದೆ ಇರುತ್ತಾನಾ? 2022ರ ಕಾಲೇಜು ಫೈನಲ್‌ನಲ್ಲಿ ಕ್ಯಾನ್ಸಸ್ ಮೇಲೆ ಅರ್ಧಕ್ಕೆ 15 ಪಾಯಿಂಟ್ ಮುಂದಿದ್ದು, 72-69ಕ್ಕೆ ಸೋತರು. ಕೊನೇ ನಿಮಿಷದಲ್ಲಿ ಅವನ ಪಾದ ಉಳುಕಿತು. ಮರುವರ್ಷ ಮತ್ತೆ ಕಾಲೇಜಿಗೇ ಆಡಲು ಬಂದ. ಆ ವರ್ಷ ಸೀಸನ್ನಿಗೆ ಮೊದಲೇ ನಂಬರ್ ಒನ್ ಅನ್ನಿಸಿಕೊಂಡ ತಂಡ ರಾಷ್ಟ್ರೀಯ ಪಟ್ಟದ ಮಾರ್ಚ್ ಟೂರ್ನಿಗೇ ಹೋಗಲಿಲ್ಲ! ಐದನೇ ವರ್ಷಕ್ಕೂ ಬಂದ. ಎಸಿಸಿ ಲೀಗ್‌ನಲ್ಲಿ ಮೊದಲ ಸ್ಥಾನ ಬಂತು, ಆಮೇಲೆ ಅಲಬಾಮಾ ಎದುರು 89-87ಕ್ಕೆ ಮನೆಗೆ. ವೃತ್ತಿಪರ ಲೀಗ್ ಎನ್‌ಬಿಎ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ಅವನು ಉಳಿದದ್ದು ಸರಿಯಾ ತಪ್ಪಾ ಅಂತ ಆಫೀಸಿನಲ್ಲಿ ಇವತ್ತಿಗೂ ಜಗಳ ನಿಂತಿಲ್ಲ.

ಏನು ಮಾಡಲಿ?

—

ಮ್ಯಾಕಿ ಹಿಂದಿನ ಸಾಲು (ವೆಸ್ಟ್ ಲಫಾಯೆಟ್, ಇಂಡಿಯಾನಾ)

ಸರ್, ನಾನು ಪರ್ಡ್ಯೂನಲ್ಲಿ ಪಿಎಚ್‌ಡಿ. ಇಲ್ಲಿಗೆ ಬರುವ ಮುಂಚೆ ಬಾಸ್ಕೆಟ್‌ಬಾಲ್ ಅಂದರೆ ಸ್ಕೂಲಿನ ತುಕ್ಕು ಹಿಡಿದ ರಿಂಗ್ ಅಷ್ಟೇ. ಈಗ ಮ್ಯಾಕಿ ಅರೀನಾದಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುವವನು.

ನಮ್ಮ ಝಾಕ್ ಈಡಿ ಕಥೆ ನೋಡಿ. 2023ರ ಮಾರ್ಚ್‌ನಲ್ಲಿ 16ನೇ ಸೀಡ್, ಅಂದರೆ ತೀರಾ ಕೆಳ ಶ್ರೇಯಾಂಕದ, ಫೇರ್ಲಿ ಡಿಕಿನ್ಸನ್ ನಮ್ಮನ್ನು 63-58ಕ್ಕೆ ಸೋಲಿಸಿತು. ಆ ವಾರ ಊರಲ್ಲಿ ಯಾರೂ ಯಾರ ಮುಖ ನೋಡಲಿಲ್ಲ. ಆಗಲೇ ದೇಶದ ಶ್ರೇಷ್ಠ ಆಟಗಾರ ಅನ್ನಿಸಿಕೊಂಡಿದ್ದವನು, ಎದ್ದು ಹೋಗಬಹುದಿತ್ತು. ಉಳಿದ. ಮರುವರ್ಷ ಫೈನಲ್‌ವರೆಗೆ ಕರೆದುಕೊಂಡು ಹೋದ. ಯೂಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ಎದುರು 75-60ಕ್ಕೆ ಸೋತರೂ ಅದರಲ್ಲಿ 37 ಇವನದೇ. ಆಮೇಲೆ 9ನೇ ಆಯ್ಕೆಯಾಗಿ ಮೆಂಫಿಸ್‌ಗೆ ಹೋದ.

ಆದರೆ ಯಾರೂ ಹೇಳದ ಭಾಗ ಇದು. ಅವನಿಗೂ ಕೋವಿಡ್ ವರ್ಷ ಬಾಕಿ ಇತ್ತು. ಅದನ್ನು ಮುಟ್ಟಲಿಲ್ಲ. ನಾಲ್ಕನೆಯದಕ್ಕೆ ಬರಲು ಕಾರಣ ಇತ್ತು, ಐದನೆಯದಕ್ಕೆ ಇರಲಿಲ್ಲ, ಅಷ್ಟೇ.

ಇನ್ನೊಂದು ಮಾತು. ಈಡಿ ಕೆನಡಾದವನು, ಸ್ಟೂಡೆಂಟ್ ವೀಸಾ. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು ಅಂತಾದರೂ ವೀಸಾದವರಿಗೆ ಇಲ್ಲಿ ಕೂತು ಆ ಕೆಲಸ ಮಾಡುವುದು ಕಷ್ಟ. ನನ್ನ ಪಾಡೂ ಅದೇ, ಕ್ಯಾಂಪಸ್ ಹೊರಗೆ ಸುಮ್ನೆ ಒಂದು ಗಂಟೆ ಕೆಲಸ ಮಾಡುವ ಹಾಗಿಲ್ಲ. ನಿಮ್ಮ ಮಗಳು ಇಲ್ಲೇ ಹುಟ್ಟಿದವಳು, ಆ ತಲೆನೋವಿಲ್ಲ. ಆದರೆ ಸಣ್ಣ ಕಾಲೇಜಿನ ಬೆಂಚ್ ಗಾರ್ಡ್‌ಗೆ ಅಂಥ ದುಡ್ಡು ಬರುವುದೂ ಇಲ್ಲ, ಅಲ್ವಾ? ಆ ಆಸೆಯಲ್ಲಿ ಉಳಿಸಬೇಡಿ.

ಪೋರ್ಟಲ್, ಅಂದರೆ ಬೇರೆ ಕಾಲೇಜಿನ ತಂಡಕ್ಕೆ ಹೋಗುವ ದಾರಿ, ಯೋಚಿಸಿದ್ದೀರಾ? ಮೊನ್ನೆ ಫ್ಲಾರಿಡಾ ಹೂಸ್ಟನ್ ಅನ್ನು 65-63ಕ್ಕೆ ಸೋಲಿಸಿ ಪಟ್ಟ ಗೆದ್ದಿತಲ್ಲ, ಅದರಲ್ಲಿ ಅಲೈಜಾ ಮಾರ್ಟಿನ್ ಐದನೇ ವರ್ಷದವನು. ಫ್ಲಾರಿಡಾ ಅಟ್ಲಾಂಟಿಕ್‌ನಿಂದ ಬಂದವನು. ಇದ್ದ ಕಡೆಯೇ ಇರಬೇಕು ಅಂತ ಏನಿಲ್ಲ.

—

ಹುಬ್ಬಳ್ಳಿ ಫಿಸಿಯೋ (ನ್ಯೂ ಜೆರ್ಸಿ)

ನಾನು ಮಂಡಿ ನೋಡುವಾಕಿ, ಆಟ ನೋಡುವಾಕಿ ಅಲ್ಲ. ಅದಕ್ಕ ಮಂಡಿಯ ಮಾತಷ್ಟೇ ಹೇಳುತ್ತೇನೆ.

ಓಡುತ್ತಾ ಗಕ್ಕನೆ ನಿಂತು ತಿರುಗುವ ಆಟಗಳಲ್ಲಿ ಹುಡುಗಿಯರಿಗೆ ಎಸಿಎಲ್ ಹರಿಯುವುದು ಹುಡುಗರಿಗಿಂತ ಜಾಸ್ತಿ. ಒಮ್ಮೆ ಹರಿದವರಿಗೆ ಮತ್ತೊಮ್ಮೆ ಹರಿಯುವ ಭಯ ಇನ್ನೂ ಜಾಸ್ತಿ. ಅದೇ ಕಾಲು ಅಂತಿಲ್ಲ, ಇನ್ನೊಂದು ಕಾಲೂ ಆಗಬಹುದು. ಇದನ್ನು ತಾಯಿಗೆ ಹೇಳಬ್ಯಾಡ್ರಿ, ರಾತ್ರಿ ನಿದ್ದಿ ಬರಂಗಿಲ್ಲ. ಆದರೆ ನಿಮ್ಮ ಮಗಳು ಆಮೇಲೆ ಎರಡು ಪೂರ್ತಿ ಸೀಸನ್ ಆಡಿದ್ದಾಳೆ, ಅದು ಒಳ್ಳೆಯ ಲಕ್ಷಣ.

ನೀವು ಗಂಡಸರ ಉದಾಹರಣೆ ಯಾಕೆ ಹುಡುಕುತ್ತೀರಿ? ಯೂಕಾನ್ ಹೆಂಗಸರ ತಂಡದ ಪೇಜ್ ಬೆಕರ್ಸ್ ಇದ್ದಾಳಲ್ಲ. 2022ರ ಆಗಸ್ಟ್‌ನಲ್ಲಿ ಎಸಿಎಲ್ ಹರಿದು ಒಂದು ಪೂರ್ತಿ ಸೀಸನ್ ಹೋಯಿತು. ಹೋದ ವರ್ಷವೇ ಹೆಂಗಸರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಗೆ ಹೋಗಬಹುದಿತ್ತು, ಹೋಗಲಿಲ್ಲ. ಈ ಏಪ್ರಿಲ್ 6ರಂದು ಸೌತ್ ಕೆರೊಲಿನಾ ವಿರುದ್ಧ 82-59ಕ್ಕೆ ಗೆದ್ದು ಯೂಕಾನ್‌ಗೆ 12ನೇ ಪಟ್ಟ ತಂದಳು. ಆಮೇಲೆ ಡ್ರಾಫ್ಟ್‌ನಲ್ಲಿ ಮೊದಲನೆಯವಳು. ಅದೇ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಒಂದು ವರ್ಷ ಬಾಕಿ ಇಟ್ಟುಕೊಂಡೇ 2024ರಲ್ಲಿ ಹೊರಟಳು. 3,951 ಪಾಯಿಂಟ್ ಮಾಡಿದ ಮೇಲೆ ಇನ್ನೇನು ಮಾಡಬೇಕಿತ್ತು ಅಲ್ಲಿ?

ಇಬ್ಬರೂ ಸರಿ. ಅವರ ಉದಾಹರಣೆ ನಿಮಗೆ ಉಪಯೋಗ ಆಗಂಗಿಲ್ಲ, ಅದೂ ಖರೆ. ನಿಮ್ಮ ಮಗಳು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ಮಂಡಿ ಹೇಗಿದೆ ಅಂತ ಕೇಳ್ರಿ. ಆಡುವಾಗ ನೋವಿದೆಯಾ ಅಂತ ಕೇಳಬ್ಯಾಡ್ರಿ, ಎಲ್ಲರೂ ಇಲ್ಲ ಅಂತಲೇ ಹೇಳುತ್ತಾರೆ.

—

ಟೆಕ್ಸಸ್ ತಿಪ್ಪೇಶಿ

ಗುರುಗಳೇ, ಕಹಿ ಮಾತು ಹೇಳುತ್ತೇನೆ, ಬೈಯಬೇಡಿ.

ನನ್ನ ಮಗ 2021ರಲ್ಲಿ ಹೈಸ್ಕೂಲ್ ಮುಗಿಸಿದ. ಆರಡಿ ಮೂರಂಗುಲ, ಶೂಟಿಂಗ್ ಚೆನ್ನಾಗಿತ್ತು. ಎರಡು ಕಾಲೇಜಿನವರು ವರ್ಷವಿಡೀ ಫೋನ್ ಮಾಡುತ್ತಿದ್ದರು. ಆ ಬೇಸಿಗೆಯಲ್ಲಿ ಫೋನ್ ನಿಂತುಹೋಯಿತು. ಯಾಕೆ? ಅವರ ಸೀನಿಯರ್‌ಗಳೆಲ್ಲ ಕೋವಿಡ್ ವರ್ಷ ಅಂತ ಉಳಿದರು. 18ರ ಹುಡುಗನನ್ನು ಕಲಿಸಿ ಬೆಳೆಸುವುದಕ್ಕಿಂತ 23ರ ಗಂಡಸನ್ನು ಆಡಿಸುವುದು ಕೋಚ್‌ಗೆ ಸಲೀಸು. ಮೊದಲ ವರ್ಷ ಉಳಿಯುವ ಸೀನಿಯರ್‌ಗಳನ್ನು ಸ್ಕಾಲರ್‌ಶಿಪ್ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಎನ್‌ಸಿಎಎ ಹೇಳಿತ್ತು ನಿಜ. ಆದರೆ ಆಡುವುದು ಐದೇ ಜನ ತಾನೇ? ಬಸ್ಸಿನಲ್ಲಿ ಇಳಿಯುವವರು ಇಳಿಯದಿದ್ದರೆ ಸ್ಟಾಪಿನಲ್ಲಿ ನಿಂತವನ ಗತಿ ಏನು?

ನನ್ನ ಮಗ ಜೂನಿಯರ್ ಕಾಲೇಜಿಗೆ (ನಮ್ಮ ಪಿಯುಸಿ ಅಲ್ಲ, ಹೈಸ್ಕೂಲ್ ಆದ ಮೇಲಿನ ಎರಡು ವರ್ಷದ ಕಾಲೇಜು) ಹೋಗಿ ಎರಡು ವರ್ಷ ಆಡಿ ಬಿಟ್ಟ. ಈಗ ಚೆನ್ನಾಗಿದ್ದಾನೆ, ಎಲೆಕ್ಟ್ರಿಷಿಯನ್, ನನಗಿಂತ ಸುಖವಾಗಿದ್ದಾನೆ. ಆದರೂ ನನಗೆ ಆ ಬೇಸಿಗೆ ಮರೆತಿಲ್ಲ.

ನಿಮ್ಮ ಮಗಳದು ಗಾಯದ ವರ್ಷ, ಅವಳ ಹಕ್ಕು, ಒಪ್ಪಿದೆ. ಆದರೆ ನಿಜವಾಗಿ ಮನಸ್ಸಿಲ್ಲದಿದ್ದರೆ ಬರೀ ಫೀಸಿಗಾಗಿ ಆ ಸೀಟಿನಲ್ಲಿ ಕೂರಿಸಬೇಡಿ.

—

ಜಯನಗರ ಜಂಪ್‌ಶಾಟ್ (ಬೆಂಗಳೂರು)

ನಾನು ಬೆಂಗಳೂರಿನಲ್ಲಿ ಕಾಲೇಜಿಗೆ ಆಡಿದವಳು. ಕಂಠೀರವ ಒಳಾಂಗಣದಲ್ಲಿ ನಮ್ಮ ಕೊನೇ ಪಂದ್ಯ ಮುಗಿದಾಗ ಅದು ಕೊನೇ ಪಂದ್ಯ ಅಂತ ನನಗೆ ಗೊತ್ತೇ ಇರಲಿಲ್ಲ. ಪರೀಕ್ಷೆ ಬಂತು, ಕೆಲಸ ಬಂತು, ಮುಗಿಯಿತು. ನಮ್ಮೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ಯೂನಿವರ್ಸಿಟಿಗೆ ಆಡಲು ಹೋದಾಗ ಎಷ್ಟು ಖುಷಿಪಟ್ಟೆವು ಗೊತ್ತಾ? ಆ ಪಂದ್ಯಗಳನ್ನು ನೋಡಲು ಬೆಳಗಿನ ಜಾವ ಅಲಾರಂ ಇಟ್ಟು ಏಳುತ್ತಿದ್ದೆ. ನನಗೆ ಇನ್ನೊಂದು ವರ್ಷ ಕೊಡುತ್ತೇವೆ ಅಂದಿದ್ದರೆ ಯೋಚನೆಯನ್ನೇ ಮಾಡದೆ ಹೂಂ ಅಂದುಬಿಡುತ್ತಿದ್ದೆ. ಅದಕ್ಕೇ ನನ್ನ ಮಾತನ್ನು ಪೂರ್ತಿ ನಂಬಬೇಡಿ.

ಎರಡು ವಿಷಯ ಕೇಳಬೇಕು. ಒಂದು, ಮುಂದಿನ ವರ್ಷ ಗಾರ್ಡ್ ಜಾಗಕ್ಕೆ ಪೋರ್ಟಲ್‌ನಿಂದ ಯಾರನ್ನು ತರುತ್ತಿದ್ದಾರೆ, ಇವಳಿಗೆ ಎಷ್ಟು ನಿಮಿಷ ಸಿಗಬಹುದು? ಕೋಚ್ ಬಾಯಿಬಿಟ್ಟು ಹೇಳಲಿ. 'ನೀನು ನಮಗೆ ಬೇಕು' ಅನ್ನುವುದಕ್ಕೂ 'ನೀನು ಆಡುತ್ತೀಯ' ಅನ್ನುವುದಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ನಿಮಗೇ. ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮಪ್ಪನ ತೋಟ ಇದೆ, ಹೆಂಡತಿಯ ಸೀರೆ ಇದೆ, ಬೇಕಾಟ್ ಪಾದ ಉಳುಕಿದ್ದೂ ಇದೆ. ಮಗಳ ಮಾತು ಎರಡೇ ಪದ. ಆ 'ಗೊತ್ತಿಲ್ಲ' ಯಾವ ತರದ್ದು ಅಂಕಲ್?

—

ಅರಸೀಕೆರೆಯವನು

ಎಲ್ಲರಿಗೂ ಥ್ಯಾಂಕ್ಸ್. ಜಯನಗರದವರೇ, ನಿಮ್ಮ ಕೊನೇ ಸಾಲು ಓದಿ ಫೋನ್ ತಿರುಗಿಸಿ ಇಟ್ಟೆ. ಸಿಟ್ಟು ಬಂತು. ಅರ್ಧ ಗಂಟೆ ಬಿಟ್ಟು ಮತ್ತೆ ಓದಿದೆ.

ಭಾನುವಾರ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಒಬ್ಬನೇ. ಚಿತ್ರಾನ್ನ ಕಟ್ಟಿಕೊಟ್ಟಿದ್ದಳು ನಮ್ಮವಳು. ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನೊಳಗೇ ಕೂತು ಇಬ್ಬರೂ ತಿಂದೆವು. ಫಿಸಿಯೋ ಮೇಡಂ ಹೇಳಿದ ಪ್ರಶ್ನೆಯನ್ನೇ ಕೇಳಿದೆ. ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಒಂದು ಕೈ ಗೋಡೆ ಮೇಲೆ ಇರುತ್ತದಂತೆ. ಎರಡು ವರ್ಷದಿಂದ! ಹಲ್ಲುಜ್ಜಿದ ಹಾಗೆ ಅಭ್ಯಾಸ ಆಗಿದೆ ಅಂತ ನಗುತ್ತಾ ಹೇಳಿದಳು.

ನಿಮಿಷಗಳ ಬಗ್ಗೆಯೂ ಕೇಳಿದ್ದಾಳೆ, ನಾನು ಹೇಳುವ ಮುಂಚೆಯೇ. ಪೋರ್ಟಲ್‌ನಿಂದ ಇಬ್ಬರು ಗಾರ್ಡ್‌ಗಳು ಬರುತ್ತಿದ್ದಾರೆ. ಬೆಂಚ್ ಬಗ್ಗೆ ಅವಳಿಗೆ ಬೇಜಾರಿಲ್ಲ. ಮೊದಲಿಂದಲೂ ಇರಲಿಲ್ಲ, ಬೇಜಾರು ಮಾಡಿಕೊಳ್ಳುತ್ತಿದ್ದದ್ದು ನಾನು.

'ಹಾಗಾದರೆ ಗೊತ್ತಿಲ್ಲ ಅಂತ ಯಾಕೆ ಅಂದೆ?' ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸೀನಿಯರ್ ನೈಟ್ ದಿನವೇ ಮನಸ್ಸಿನಲ್ಲಿ ಮುಗಿಸಿದ್ದಳಂತೆ. ಆವತ್ತು ರಾತ್ರಿ ಊಟಕ್ಕೆ ಕೂತಾಗ ನಾನು ಮುಂದಿನ ಥ್ಯಾಂಕ್ಸ್‌ಗಿವಿಂಗ್ ಟೂರ್ನಿಗೆ ಫ್ಲಾರಿಡಾದಲ್ಲಿ ಹೋಟೆಲ್ ಬುಕ್ ಮಾಡಿದ್ದನ್ನು ತೋರಿಸಿದೆ. ಸಮುದ್ರ ಕಾಣುವ ರೂಮು, ನಾಲ್ಕು ರಾತ್ರಿ. 'ನೀನು ಅಷ್ಟು ಖುಷಿಯಾಗಿದ್ದೆ ಅಪ್ಪ' ಅಂದಳು.

ಆ ಬುಕಿಂಗ್ ವಿಷಯ ನಾನು ನಿಮಗೆ ಬರೆದಿರಲಿಲ್ಲ. ಮರೆತು ಬಿಟ್ಟದ್ದಲ್ಲ.

ಮಾಸ್ಟರ್ಸ್ ಕಥೆ ಏನು ಅಂತ ಕೊನೆಗೂ ಕೇಳಿಯೇ ಬಿಟ್ಟೆ, ಹುಟ್ಟುಗುಣ. ಎರಡು ವರ್ಷ ಕೆಲಸ ಮಾಡಿ ಆಮೇಲೆ ನೋಡುತ್ತಾಳಂತೆ, ಅವಳ ದುಡ್ಡಿನಲ್ಲಿ. ಗುರುವಾರ ಕೋಚ್ ಹತ್ತಿರ ಮಾತಾಡುತ್ತಾಳೆ. ನಾನು ಬರಲಾ ಅಂದೆ, ಬೇಡ ಅಂದಳು.

—

ಮ್ಯಾಕಿ ಹಿಂದಿನ ಸಾಲು

ಸರ್, ಹೋಟೆಲ್ ಏನು ಮಾಡಿದಿರಿ?

—

ಅರಸೀಕೆರೆಯವನು

ಇನ್ನೂ ಕ್ಯಾನ್ಸಲ್ ಮಾಡಿಲ್ಲ. ಹಿಂದಿನ ದಿನದವರೆಗೂ ದುಡ್ಡು ವಾಪಸ್ ಕೊಡುತ್ತಾರೆ.