‘ಆರ್ಡರ್ ಕಂಡಿಷನ್’ ಎರರ್ ಬಂದಾಗ ನೀವೆಲ್ಲ ಮೊದಲು ಏನು ನೋಡುತ್ತೀರಿ?

ಪ್ರಶ್ನೆ: ಒಂದು ಬೆಳೆಯ ಬೇಡಿಕೆ-ಪೂರೈಕೆ ಸಮೀಕರಣಗಳನ್ನು ಇವ್ಯೂಸ್ ಎಂಬ ಅಂಕಿಅಂಶ ಸಾಫ್ಟ್‌ವೇರ್‌ನಲ್ಲಿ ಟೂ ಸ್ಟೇಜ್ ಲೀಸ್ಟ್ ಸ್ಕ್ವೇರ್ಸ್ (ಬೆಲೆ, ಪ್ರಮಾಣ ಒಟ್ಟಿಗೇ ನಿರ್ಧಾರವಾಗುವಾಗ ಬಳಸುವ ಎರಡು ಹಂತದ ಅಂದಾಜು) ವಿಧಾನದಿಂದ ಅಂದಾಜು ಮಾಡುತ್ತಿದ್ದೇನೆ. ಬೇಡಿಕೆಯಲ್ಲಿ ಬೆಲೆ, ಆದಾಯ, ಬದಲಿ ಬೆಳೆಯ ಬೆಲೆ ಇವೆ; ಪೂರೈಕೆಯಲ್ಲಿ ಬೆಲೆ ಮತ್ತು ಮಳೆ. ಬೇಡಿಕೆಗೆ ಇನ್‌ಸ್ಟ್ರುಮೆಂಟ್ (ಬೆಲೆಯನ್ನು ಬದಲಿಸುವ, ಆದರೆ ಬೇಡಿಕೆಯನ್ನು ನೇರವಾಗಿ ತಟ್ಟದ ಹೊರಗಿನ ಚರ) ಆಗಿ ಮಳೆಯನ್ನು ಕೊಟ್ಟರೆ ‘ಆರ್ಡರ್ ಕಂಡಿಷನ್ ವಯೊಲೇಟೆಡ್’ ಅನ್ನುತ್ತದೆ. ಸಿದ್ಧಾಂತದ ಪ್ರಕಾರ ಮಳೆ ಸಾಕಲ್ಲವೇ? ಅನುಭವ ಇದ್ದವರು ತಿಳಿಸಿ.

ಉತ್ತರ: ಸಿದ್ಧಾಂತ ಸರಿ, ಪಟ್ಟಿ ಸಾಲದು. ಇನ್‌ಸ್ಟ್ರುಮೆಂಟ್‌ಗಳ ಸಂಖ್ಯೆ ಗುಣಾಂಕಗಳ ಸಂಖ್ಯೆಗಿಂತ ಕಡಿಮೆ ಇರಬಾರದು ಎಂಬುದೇ ಆರ್ಡರ್ ಕಂಡಿಷನ್; ಇವ್ಯೂಸ್ ಅದನ್ನು ಸುಮ್ಮನೆ ಎಣಿಸುತ್ತದೆ. ನಿಮ್ಮ ಬೇಡಿಕೆಯಲ್ಲಿ ಸ್ಥಿರಾಂಕ ಸೇರಿ 4 ಗುಣಾಂಕಗಳಿವೆ. ಇನ್‌ಸ್ಟ್ರುಮೆಂಟ್ ಪಟ್ಟಿಯಲ್ಲಿರುವುದು ಸ್ಥಿರಾಂಕ ಮತ್ತು ಮಳೆ, ಬರೀ 2. ಆದಾಯ, ಬದಲಿ ಬೆಳೆಯ ಬೆಲೆ ಎರಡೂ ಹೊರಗಿನಿಂದ ನಿರ್ಧಾರವಾಗುತ್ತವೆ ಎಂದು ನೀವು ನಂಬಿದ್ದರೆ ಅವನ್ನೂ ಆ ಪಟ್ಟಿಯಲ್ಲಿ ನೀವೇ ಬರೆಯಬೇಕು. ಆಗ 4ಕ್ಕೆ 4. ಸ್ಟಾಟಾ ಸಾಫ್ಟ್‌ವೇರ್‌ನ ‘ಐವಿರಿಗ್ರೆಸ್’ ಆದೇಶ ಇವನ್ನು ತಾನೇ ಸೇರಿಸಿಕೊಳ್ಳುತ್ತದೆ. ಆರ್ ಸಾಫ್ಟ್‌ವೇರ್‌ನ ‘ಐವಿರೆಗ್’ನಲ್ಲಿ ಸೂತ್ರದ ಉದ್ದಗೆರೆಯ (|) ಬಲಕ್ಕೆ ಇವನ್ನು ಮತ್ತೆ ಬರೆಯಬೇಕು. ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಬಂದವರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಪೂರೈಕೆಗೂ ಇದೇ ಪಟ್ಟಿ ಕೊಡಿ. ಅಲ್ಲಿ 3 ಗುಣಾಂಕಕ್ಕೆ 4 ಇನ್‌ಸ್ಟ್ರುಮೆಂಟ್, ಒಂದು ಹೆಚ್ಚುವರಿ. ಹಾಗಾಗಿ ಪೂರೈಕೆಗೆ ಸಾರ್ಗನ್ ಪರೀಕ್ಷೆ (ಹೆಚ್ಚುವರಿ ಇನ್‌ಸ್ಟ್ರುಮೆಂಟ್ ಇದ್ದಾಗ ಅವು ಸರಿಯೇ ಎಂದು ನೋಡುವುದು) ಮಾಡಬಹುದು, ಬೇಡಿಕೆಗೆ ಆಗುವುದಿಲ್ಲ. ಎರರ್ ಹೋಗಲಿ ಅಂತ ಮಳೆಯನ್ನು ಬೇಡಿಕೆಯ ಸಮೀಕರಣದೊಳಕ್ಕೂ ತುರುಕಬೇಡಿ. ಆಮೇಲೆ ಬೇಡಿಕೆಯನ್ನು ಗುರುತಿಸಲು ಏನೂ ಉಳಿಯುವುದಿಲ್ಲ.

ಇನ್ನೊಬ್ಬರು: ಎಣಿಕೆ ಸರಿಯಾದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಆರ್ಡರ್ ಕಂಡಿಷನ್ ಅಗತ್ಯ, ಆದರೆ ಸಾಲದು; ರ್ಯಾಂಕ್ ಕಂಡಿಷನ್ (ಇನ್‌ಸ್ಟ್ರುಮೆಂಟ್‌ಗೂ ಬೆಲೆಗೂ ನಿಜವಾದ ಸಂಬಂಧ ಇರಬೇಕೆಂಬುದು) ಕೂಡ ದಾಟಬೇಕು. ಮಳೆಗೂ ಬೆಲೆಗೂ ನಿಜಕ್ಕೂ ಸಂಬಂಧ ಇಲ್ಲದಿದ್ದರೂ ಸಾಫ್ಟ್‌ವೇರ್ ತಕರಾರಿಲ್ಲದೆ ಫಲಿತಾಂಶ ಕೊಡುತ್ತದೆ, ಏಕೆಂದರೆ ಕೈಯಲ್ಲಿರುವ ದತ್ತಾಂಶದಲ್ಲಿ ಆ ಸಂಬಂಧ ಸರಿಯಾಗಿ ಸೊನ್ನೆ ಆಗುವುದೇ ಇಲ್ಲ. ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ಊದಿಕೊಂಡಿರುತ್ತದೆ, ಬೇಡಿಕೆಯ ರೇಖೆ ಮೇಲ್ಮುಖವಾಗಿಯೂ ಬರಬಹುದು. ನನ್ನ ಮಟ್ಟಿಗೆ ಎರರ್ ಬರುವುದಕ್ಕಿಂತ ಇದೇ ಅಪಾಯ. ಬೆಲೆಯನ್ನು ಪಟ್ಟಿಯ ಎಲ್ಲ ಇನ್‌ಸ್ಟ್ರುಮೆಂಟ್‌ಗಳ ಮೇಲೆ ರಿಗ್ರೆಸ್ ಮಾಡಿ, ಮಳೆಯೊಂದರ ಎಫ್ ಮೌಲ್ಯ (ಮಳೆ ಬೆಲೆಯನ್ನು ಎಷ್ಟು ಬಲವಾಗಿ ವಿವರಿಸುತ್ತದೆ ಎಂಬ ಅಳತೆ) ನೋಡಿ. ಇಡೀ ಸಮೀಕರಣದ ಎಫ್ ಅಲ್ಲ, ಅದನ್ನು ಆದಾಯವೇ ಎತ್ತಿಬಿಟ್ಟಿರುತ್ತದೆ. ಸ್ಟೈಗರ್ ಮತ್ತು ಸ್ಟಾಕ್ 1997ರಲ್ಲಿ ಕೊಟ್ಟ ‘ಎಫ್ 10 ದಾಟಿರಬೇಕು’ ಎಂಬ ಅಳತೆ ಈಗಲೂ ಚಾಲ್ತಿಯಲ್ಲಿದೆ, ಆದರೆ ಅದು ತೀರಾ ಸಡಿಲ ಅನ್ನುವವರೂ ಇದ್ದಾರೆ. ಎಫ್ ಚಿಕ್ಕದಿದ್ದರೆ ಟಿ ಮೌಲ್ಯ ಬಿಟ್ಟು, ಇನ್‌ಸ್ಟ್ರುಮೆಂಟ್ ದುರ್ಬಲವಾಗಿದ್ದರೂ ನಂಬಬಹುದಾದ ಆ್ಯಂಡರ್ಸನ್-ರೂಬಿನ್ ಪರೀಕ್ಷೆ ವರದಿ ಮಾಡಿ.

ಮತ್ತೊಬ್ಬರು: ಪ್ಯಾನೆಲ್ ದತ್ತಾಂಶವಾದರೆ (ಅವೇ ಜಿಲ್ಲೆಗಳ ಹಲವು ವರ್ಷಗಳ ಅಂಕಿಅಂಶ) ಒಂದು ಮಾತು. ಜಿಲ್ಲಾವಾರು ಫಿಕ್ಸೆಡ್ ಎಫೆಕ್ಟ್ (ಪ್ರತಿ ಜಿಲ್ಲೆಗೂ ಬೇರೆ ಸ್ಥಿರಾಂಕ) ಹಾಕಿದ ಮೇಲೆ ವರ್ಷದಿಂದ ವರ್ಷಕ್ಕೆ ಬದಲಾಗದ ಇನ್‌ಸ್ಟ್ರುಮೆಂಟ್ ಕೆಲಸಕ್ಕೆ ಬಾರದು. ಸರಾಸರಿ ಮಳೆ ಬೇಡ, ಆಯಾ ವರ್ಷದ ಮಳೆ ಬಳಸಿ.

ಮಗದೊಬ್ಬರು: ಪ್ರಶ್ನೆಗೆ ಸ್ವಲ್ಪ ಹೊರಗೆ, ಆದರೂ ಇದೇ ಜಾತಿಯ ತೊಂದರೆ: ಗುಣಾಂಕಗಳನ್ನು ಒಂದರಿಂದೊಂದು ಬೇರ್ಪಡಿಸಲಾಗದಾಗ ಬರುವ ‘ನಿಯರ್ ಸಿಂಗ್ಯುಲರ್ ಮ್ಯಾಟ್ರಿಕ್ಸ್’ ಎರರ್. ಎಲ್ಲ ವರ್ಗಕ್ಕೂ ಡಮ್ಮಿ (0 ಅಥವಾ 1 ಆಗುವ ಚರ) ಹಾಕಿ ಸ್ಥಿರಾಂಕವನ್ನೂ ಇಟ್ಟುಕೊಂಡರೆ ಇದು ಬರುತ್ತದೆ, ಅದು ಎಲ್ಲರಿಗೂ ಗೊತ್ತು. ನಾನ್‌ಲೀನಿಯರ್ ಸಮೀಕರಣದಲ್ಲಿ ಎರಡು ಗುಣಾಂಕಗಳು ಗುಣಲಬ್ಧವಾಗಿ ಮಾತ್ರ ಬಂದರೂ ಇದೇ ಗತಿ. 2×3 ಆದರೂ 1×6 ಆದರೂ ದತ್ತಾಂಶಕ್ಕೆ ಒಂದೇ. ಇನ್ನು ಕೆಲವೊಮ್ಮೆ ಸಮೀಕರಣದಲ್ಲಿ ದೋಷವೇ ಇರುವುದಿಲ್ಲ. ಇವ್ಯೂಸ್ ಹೊಸ ಫೈಲಿನಲ್ಲಿ ಗುಣಾಂಕಗಳೆಲ್ಲ ಸೊನ್ನೆಯಿಂದ ಶುರು. ಘಾತಾಂಕವಿರುವ ಪದವನ್ನು ಗುಣಿಸುವ ಗುಣಾಂಕ ಸೊನ್ನೆ ಇದ್ದಾಗ ಘಾತಾಂಕ ಎಷ್ಟಿದ್ದರೂ ವ್ಯತ್ಯಾಸ ಕಾಣದು, ಮೊದಲ ಹೆಜ್ಜೆಯಲ್ಲೇ ಎರರ್. ‘ಪ್ಯಾರಮ್’ ಆದೇಶದಿಂದ ಸೊನ್ನೆಯಲ್ಲದ ಆರಂಭಿಕ ಮೌಲ್ಯ ಕೊಟ್ಟು ನೋಡಿ. ಆಗಲೂ ಹಟ ಹಿಡಿದರೆ ಸಮೀಕರಣವನ್ನೇ ಬಿಡಿಸಿ ಬರೆಯಬೇಕು.