ವರ್ಷ ತುಂಬಿದ ಹೈಬ್ರಿಡ್ ಎಸ್‌ಯುವಿ: ಎಲ್ಲ ಚೆನ್ನಾಗಿದೆ, ಬೆಳಿಗ್ಗೆ ಮಾತ್ರ ಏಳುವುದಿಲ್ಲ

ಮೌನಚಕ್ರ | ಸೋಮವಾರ, ಬೆಳಿಗ್ಗೆ 9:40

ಕಳೆದ ವಾರಕ್ಕೆ ಕಾರು ತೆಗೆದುಕೊಂಡು ಒಂದು ವರ್ಷವಾಯಿತು. ವರ್ಷದ ಅನುಭವವನ್ನು ಸಮಾಧಾನವಾಗಿ, ಚಿತ್ರಗಳ ಸಮೇತ ಬರೆಯಬೇಕೆಂದಿದ್ದೆ. ಈಗ ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ.

14,200 ಕಿ.ಮೀ. ಓಡಿದೆ. ಟ್ಯಾಂಕ್ ತುಂಬಿಸಿ ಹಾಕಿದ ಲೆಕ್ಕದಲ್ಲಿ ಲೀಟರಿಗೆ 21.8. ಪರದೆ 23.4 ಎನ್ನುತ್ತದೆ, ನಾನು ಅದನ್ನು ನಂಬುವುದಿಲ್ಲ. ವಾಹನ ದಟ್ಟಣೆಯಲ್ಲಿ ಎಂಜಿನ್ ಆರಿಸಿಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಸರಿಯುತ್ತದಲ್ಲ, ಆ ಮೌನಕ್ಕೇ ಮನಸೋತು ಕೊಂಡವನು ನಾನು. ವರ್ಷ ಕಳೆದರೂ ಬ್ರೇಕ್ ಪ್ಯಾಡ್ ಸವೆದದ್ದು ಕಾಣುವುದೇ ಇಲ್ಲ. ಏರಿನಲ್ಲಿ ಕಾಲು ಒತ್ತಿದರೆ ಮಿಕ್ಸಿಯಂತೆ ಅರಚುತ್ತದೆ, ಅದಕ್ಕೂ ಒಗ್ಗಿಕೊಂಡಿದ್ದೇನೆ. ಹತ್ತಕ್ಕೆ ಒಂಬತ್ತು ಅಂಕ ಕೊಡುವವನಿದ್ದೆ.

ಆದರೆ ಇವತ್ತು ಬೆಳಿಗ್ಗೆ ಬಟನ್ ಒತ್ತಿದರೆ ದೀಪಗಳೆಲ್ಲ ಒಮ್ಮೆ ಮಿನುಗಿದವು, ಟಕಟಕ ಸದ್ದಾಯಿತು, ಮತ್ತೆ ಕತ್ತಲೆ. ‘ರೆಡಿ’ ದೀಪ ಬರಲೇ ಇಲ್ಲ. ಇದು ಮೂರನೆಯ ಸಲ. ಸರ್ವಿಸ್ ಸೆಂಟರಿನವರು ಎರಡು ಸಲವೂ ಪರೀಕ್ಷಿಸಿ ‘ಬ್ಯಾಟರಿ ಸರಿಯಾಗಿದೆ’ ಎಂದು ಕಳಿಸಿದರು. ಹೊಸದಾಗಿ ಏನನ್ನೂ ಹಾಕಿಸಿಲ್ಲ. ಮಾಮೂಲಿನಂತೆಯೇ ಓಡಿಸುತ್ತೇನೆ. ಸೀಟಿನ ಕೆಳಗೆ ಅಷ್ಟು ದೊಡ್ಡ ಬ್ಯಾಟರಿ ಹೊತ್ತ ಕಾರು ಬ್ಯಾಟರಿಗಾಗಿ ಪರದಾಡುತ್ತದೆ ಎಂದರೆ ಏನು ಹೇಳುವುದು?

ಹಳೆಯಗೇರು | ಸೋಮವಾರ, ಬೆಳಿಗ್ಗೆ 10:05

ಓದಿದ ಕೂಡಲೇ ಗೊತ್ತಾಯಿತು. ಹಿಂದಿನ ಸೀಟಿನ ಬದಿಯಲ್ಲಿ ಗಾಳಿಕಿಂಡಿ ಇದೆಯಲ್ಲ, ಅದರ ಜಾಲರಿ ಕಟ್ಟಿಕೊಂಡಿದೆ. ಮುಖ್ಯ ಬ್ಯಾಟರಿಗೆ ಗಾಳಿ ಸಾಲುತ್ತಿಲ್ಲ. ಮನೆಯಲ್ಲಿ ನಾಯಿ ಇದೆಯೇ?

ಮೌನಚಕ್ರ | ಸೋಮವಾರ, ಬೆಳಿಗ್ಗೆ 10:11

ಇದೆ.

ಹಳೆಯಗೇರು | ಸೋಮವಾರ, ಬೆಳಿಗ್ಗೆ 10:12

ಮುಗಿಯಿತು. ಜಾಲರಿ ಬಿಚ್ಚಿ ಸ್ವಚ್ಛ ಮಾಡಿ.

ತಂತಿಗಂಟು | ಸೋಮವಾರ, ಬೆಳಿಗ್ಗೆ 10:50

ಸ್ವಲ್ಪ ತಾಳಿ. ರಾತ್ರಿಯೆಲ್ಲ ನಿಂತು ತಣ್ಣಗಾದ ಬ್ಯಾಟರಿ ಬೆಳಿಗ್ಗೆ ಬಿಸಿಯ ಕಾರಣಕ್ಕೆ ಹೇಗೆ ಕೈಕೊಡುತ್ತದೆ?

ಮೌನಚಕ್ರ ಅವರೇ, ನಿಮ್ಮ ಕಾರಿನಲ್ಲಿ ಬ್ಯಾಟರಿ ಎರಡು. ಚಕ್ರ ತಿರುಗಿಸುವುದು ಮತ್ತು ಎಂಜಿನ್ನನ್ನು ಎಬ್ಬಿಸುವುದು ದೊಡ್ಡದರ ಕೆಲಸ. ಆದರೆ ಕಾರು ಆರಿದಾಗ ಸುರಕ್ಷತೆಗಾಗಿ ಅದನ್ನು ರಿಲೇಗಳು (ವಿದ್ಯುತ್ತಿನಿಂದ ನಡೆಯುವ ಸ್ವಿಚ್‌ಗಳು) ಪೂರ್ತಿ ಕಡಿದುಬಿಟ್ಟಿರುತ್ತವೆ. ಆ ರಿಲೇಗಳನ್ನು ಮತ್ತೆ ಜೋಡಿಸಲು, ಕಂಪ್ಯೂಟರುಗಳನ್ನು ಎಚ್ಚರಿಸಲು ಬೇಕಾದದ್ದು ಮೂಲೆಯಲ್ಲಿ ಕುಳಿತ ಸಣ್ಣ 12 ವೋಲ್ಟ್ ಬ್ಯಾಟರಿ. ಬೀರು ತುಂಬ ಬಟ್ಟೆ ಇದ್ದರೂ ಬೀರುವಿನ ಕೀಲಿ ಕಳೆದುಹೋದಂತೆ. ಟಕಟಕ ಎಂದದ್ದು ಶಕ್ತಿ ಸಾಲದ ರಿಲೇಗಳು.

ಮೂರು ಪ್ರಶ್ನೆ. ಕಾರು ಯಾವುದು? ಕೈಕೊಟ್ಟ ಆ ಮೂರೂ ಸಲ ಅದಕ್ಕೆ ಮೊದಲು ಎಷ್ಟು ಹೊತ್ತು ನಿಂತಿತ್ತು? ಸಣ್ಣ ಬ್ಯಾಟರಿಯ ವೋಲ್ಟೇಜ್ ಎಷ್ಟು?

ಮೌನಚಕ್ರ | ಸೋಮವಾರ, ಬೆಳಿಗ್ಗೆ 11:20

ಹೈಬ್ರಿಡ್ ಎಸ್‌ಯುವಿ ಎಂದು ಬರೆದಿದ್ದೇನಲ್ಲ. ಕಂಪನಿಯ ಹೆಸರು ಹಾಕಿದರೆ ಮುಂದಿನ ನಲವತ್ತು ಉತ್ತರಗಳು ಕಂಪನಿಯ ಜಗಳಕ್ಕೇ ಹೋಗುತ್ತವೆ, ಹಾಗಾಗಿ ಬೇಡ. ನಿಂತದ್ದು ಎಲ್ಲರ ಕಾರೂ ನಿಲ್ಲುವಷ್ಟೇ ಹೊತ್ತು. ವೋಲ್ಟೇಜ್ ಅಳೆಯುವ ಸಾಧನ ನನ್ನ ಬಳಿ ಇಲ್ಲ. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಿ ಎಬ್ಬಿಸಿಕೊಂಡು ಕಚೇರಿಗೆ ಬಂದಿದ್ದೇನೆ.

ಹಳೆಯಗೇರು | ಸೋಮವಾರ, ಬೆಳಿಗ್ಗೆ 11:31

ಕೇಬಲ್ ಹಾಕಿದಿರಾ? ಹೈಬ್ರಿಡ್ ಕಾರನ್ನು ಜಂಪ್ ಸ್ಟಾರ್ಟ್ ಮಾಡಲೇಬಾರದು!

ತಂತಿಗಂಟು | ಸೋಮವಾರ, ಮಧ್ಯಾಹ್ನ 12:02

ಮಾಡಬಹುದು. ಕೈಪಿಡಿಯಲ್ಲೇ ಕ್ರಮವಿರುತ್ತದೆ. ಪಡೆಯುವುದು ಬೇರೆ, ಕೊಡುವುದು ಬೇರೆ. ನಮ್ಮ ಹೈಬ್ರಿಡ್‌ನಿಂದ ದೊಡ್ಡ ಡೀಸೆಲ್ ಗಾಡಿಯನ್ನು ಎಬ್ಬಿಸಲು ಹೋಗಬಾರದು, ಸ್ಟಾರ್ಟರ್ ಮೋಟರಿಗೆ ಬೇಕಾದಷ್ಟು ಕರೆಂಟ್ ಕೊಡುವುದಕ್ಕೆ ಈ ಸಣ್ಣ ಬ್ಯಾಟರಿ ಹುಟ್ಟಿಲ್ಲ. ಪಡೆಯುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಮಾತ್ರ ಫ್ಯೂಸ್‌ನಿಂದ ಹಿಡಿದು, ದೊಡ್ಡ ಬ್ಯಾಟರಿಯಿಂದ ಸಣ್ಣದನ್ನು ತುಂಬಿಸುವ ಕನ್ವರ್ಟರ್‌ವರೆಗೆ ಸುಟ್ಟು ಜೇಬಿಗೂ ಬೆಂಕಿ ಬೀಳುತ್ತದೆ.

ಹಳೆಯಗೇರು | ಸೋಮವಾರ, ಮಧ್ಯಾಹ್ನ 12:10

ನಾನು ಮೂವತ್ತು ವರ್ಷಗಳಿಂದ ಗಾಡಿ ಬಿಚ್ಚುತ್ತಿದ್ದೇನೆ.

ತಂತಿಗಂಟು | ಸೋಮವಾರ, ಮಧ್ಯಾಹ್ನ 12:14

ಅದರಲ್ಲಿ ಹೈಬ್ರಿಡ್ ಎಷ್ಟು?

ಲೀಟರ್‌ಲೆಕ್ಕ | ಸೋಮವಾರ, ಮಧ್ಯಾಹ್ನ 1:30

ಸಮಸ್ಯೆಯ ಬಗ್ಗೆ ಗೊತ್ತಿಲ್ಲ. ಆದರೆ 21.8 ಕಡಿಮೆಯಾಯಿತು. ನನ್ನದು ಎರಡೂವರೆ ವರ್ಷದ ಸರಾಸರಿ 25.3, ಮೊದಲ ಟ್ಯಾಂಕಿನಿಂದ ಇವತ್ತಿನವರೆಗೆ ಒಂದೂ ಬಿಡದೆ ಬರೆದಿಟ್ಟಿದ್ದೇನೆ. ಗುಟ್ಟು ಇಷ್ಟೇ: ವೇಗ ಹಿಡಿಯುವಾಗ ಎಂಜಿನ್ ಓಡಲಿ ಬಿಡಿ, ಬೇಕಾದ ವೇಗ ಬಂದ ಮೇಲೆ ಕಾಲು ಪೂರ್ತಿ ಎತ್ತಿ, ಎಂಜಿನ್ ಆರಿದ ಮೇಲೆ ಮೆಲ್ಲಗೆ ಮತ್ತೆ ಒತ್ತಿ. ಟೈರಿನ ಗಾಳಿ ತಿಂಗಳಿಗೆ ಎರಡು ಸಲ, ತಣ್ಣಗಿರುವಾಗ ನೋಡಬೇಕು. ಮೌನಚಕ್ರ ಅವರದು ಮೈಲ್ಡ್ ಹೈಬ್ರಿಡ್ (ಮೋಟರ್ ಎಂಜಿನ್ನಿಗೆ ನೆರವು ಮಾತ್ರ ಕೊಡುವ ಬಗೆ) ಇರಬಹುದು, ಅದನ್ನು ಹೈಬ್ರಿಡ್ ಎನ್ನುವುದೇ ತಪ್ಪು.

ಮೌನಚಕ್ರ | ಸೋಮವಾರ, ಮಧ್ಯಾಹ್ನ 1:42

ಎಂಜಿನ್ ಆರಿಸಿಕೊಂಡು ಸರಿಯುತ್ತದೆ ಎಂದು ಮೊದಲ ಸಂದೇಶದಲ್ಲೇ ಬರೆದಿದ್ದೇನೆ. ಮೈಲ್ಡ್ ಹೈಬ್ರಿಡ್ ಹಾಗೆ ಎಲ್ಲಿ ಓಡುತ್ತದೆ?

*(ಮೈಲ್ಡ್ ಹೈಬ್ರಿಡ್ ಹೈಬ್ರಿಡ್ ಹೌದೋ ಅಲ್ಲವೋ ಎಂಬ ಮುಂದಿನ 19 ಸಂದೇಶಗಳನ್ನು ಬೇರೆ ಚರ್ಚೆಗೆ ಸಾಗಿಸಲಾಗಿದೆ. ಅಲ್ಲಿಯೂ ಸಭ್ಯತೆ ಇರಲಿ. – ನಿರ್ವಾಹಕ)*

ಮೌನಚಕ್ರ | ಗುರುವಾರ, ಸಂಜೆ 7:15

ಹಳೆಯಗೇರು ಅವರೇ, ನಿಮಗೆ ಸಾಷ್ಟಾಂಗ. ಮಂಗಳವಾರ ಜಾಲರಿ ಬಿಚ್ಚಿದೆ. ಇನ್ನೊಂದು ನಾಯಿ ಮಾಡುವಷ್ಟು ಕೂದಲು ಬಂತು. ಬುಧವಾರ, ಗುರುವಾರ ಎರಡೂ ದಿನ ಕಾರು ಮೊದಲ ಒತ್ತಿಗೇ ಎದ್ದಿದೆ.

ಹಳೆಯಗೇರು | ಗುರುವಾರ, ಸಂಜೆ 7:20

ನಾನು ಏನು ಹೇಳಿದ್ದೆ? ಕೆಲವರಿಗೆ ಪುಸ್ತಕ ಗೊತ್ತು, ಗಾಡಿ ಗೊತ್ತಿಲ್ಲ.

ತಂತಿಗಂಟು | ಗುರುವಾರ, ರಾತ್ರಿ 9:00

ಜಾಲರಿ ಸ್ವಚ್ಛ ಮಾಡಿದ್ದು ಒಳ್ಳೆಯದೇ. ಗಾಳಿ ಕಟ್ಟಿದರೆ ದೊಡ್ಡ ಬ್ಯಾಟರಿ ಬಿಸಿಯಾಗಿ ಆಯಸ್ಸು ಕಳೆದುಕೊಳ್ಳುವುದು ನಿಜ, ಸೀಟಿನ ಪಕ್ಕ ಚೀಲ ಒತ್ತರಿಸಿಟ್ಟು ಕಿಂಡಿ ಮುಚ್ಚುವವರೂ ಇದನ್ನು ಓದಲಿ. ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಮೌನಚಕ್ರ ಅವರೇ, ಕಾರು ಸತ್ತ ಮೊದಲ ಎರಡು ದಿನ ಯಾವ ವಾರ?

ಮೌನಚಕ್ರ | ಗುರುವಾರ, ರಾತ್ರಿ 9:25

ವಾರಕ್ಕೂ ಬ್ಯಾಟರಿಗೂ ಏನು ಸಂಬಂಧ? ಪಂಚಾಂಗ ನೋಡುತ್ತೀರಾ?

ಮೌನಚಕ್ರ | ಸೋಮವಾರ, ಬೆಳಿಗ್ಗೆ 9:22

ಮತ್ತೆ ಸತ್ತಿದೆ.

ಫೋನಿನಲ್ಲಿ ಹಳೆಯ ಕರೆಗಳನ್ನು ನೋಡಿದೆ. ನಾಲ್ಕೂ ಸಲ ಸೋಮವಾರ.

ಲೀಟರ್‌ಲೆಕ್ಕ | ಸೋಮವಾರ, ಬೆಳಿಗ್ಗೆ 9:30

ಸೋಮವಾರ ಬರುವ ಶನಿ.

ತಂತಿಗಂಟು | ಸೋಮವಾರ, ಬೆಳಿಗ್ಗೆ 9:48

ಭಾನುವಾರ ಕಾರು ತೆಗೆಯುವುದಿಲ್ಲವೇ?

ಮೌನಚಕ್ರ | ಸೋಮವಾರ, ಬೆಳಿಗ್ಗೆ 10:02

ಶನಿವಾರ, ಭಾನುವಾರ ಮನೆಯವರ ಸ್ಕೂಟರಿನಲ್ಲೇ ಕೆಲಸ ಮುಗಿಯುತ್ತದೆ. ಎರಡು ತಿಂಗಳಿಂದ ಶುಕ್ರವಾರವೂ ಮನೆಯಿಂದಲೇ ಕೆಲಸ. ಅಂದರೆ ಗುರುವಾರ ಸಂಜೆ ಆರೂವರೆಗೆ ನಿಂತದ್ದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೇ ಏಳುವುದು. ಇದು ಮುಖ್ಯ ಎಂದು ನನಗೆ ಹೊಳೆಯಲಿಲ್ಲ. ಆದರೂ ಮೂರೇ ದಿನ ನಿಂತರೆ ಸಾಯುವ ಕಾರು ಕಾರೇ?

ತಂತಿಗಂಟು | ಸೋಮವಾರ, ಬೆಳಿಗ್ಗೆ 10:20

ಅಲ್ಲ. ಮೂರು ದಿನಕ್ಕೆ ಸಾಯಬಾರದು. ಯಾವುದೋ ಒಂದು ನಿದ್ದೆ ಮಾಡದೆ ಕರೆಂಟ್ ಕುಡಿಯುತ್ತಿದೆ. ಒಂದು ಸಾಮಾನ್ಯ ಮಲ್ಟಿಮೀಟರ್ ತನ್ನಿ. ಮೊದಲು ವೋಲ್ಟೇಜ್ ನೋಡಿ: ಕಾರು ಕೆಲವು ಗಂಟೆ ನಿಂತ ಮೇಲೆ 12.6 ಇದ್ದರೆ ತುಂಬಿದೆ, 12.2 ಎಂದರೆ ಅರ್ಧ, 11.8 ಎಂದರೆ ತಳ. ‘ರೆಡಿ’ಯಲ್ಲಿಟ್ಟಾಗ 14ರ ಆಸುಪಾಸು ಬಂದರೆ ಚಾರ್ಜಿಂಗ್ ಸರಿಯಿದೆ.

ಆಮೇಲೆ ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಮಧ್ಯದಲ್ಲಿ ಮೀಟರ್ ಸೇರಿಸಿ. ಕೀಲಿಯನ್ನು ದೂರ ಇಡಿ. ಅರ್ಧ ಗಂಟೆ ಕಾಯಿರಿ, ಕಂಪ್ಯೂಟರುಗಳು ಒಂದೊಂದಾಗಿ ಮಲಗಬೇಕು. ಮೀಟರ್ ಸೇರಿಸಿಕೊಂಡು ಬಟನ್ ಮಾತ್ರ ಒತ್ತಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಕಿತ್ತಳೆ ಬಣ್ಣದ ತಂತಿಗಳ ಹತ್ತಿರ ಸುಳಿಯಲೇಬೇಡಿ, ಅವು ದೊಡ್ಡ ಬ್ಯಾಟರಿಯವು.

ಹಳೆಯಗೇರು | ಸೋಮವಾರ, ಬೆಳಿಗ್ಗೆ 10:41

ಫ್ಯಾನಿನ ಒಳಗೂ ಕೂದಲು ಸೇರಿರಬಹುದು. ಫ್ಯಾನ್ ಬಿಚ್ಚಿ.

ಮೌನಚಕ್ರ | ಮಂಗಳವಾರ, ರಾತ್ರಿ 8:30

ಮೀಟರ್ ತಂದೆ. 1.1 ಆಂಪಿಯರ್! ಇಷ್ಟು ಸೋರುತ್ತಿದ್ದರೆ ಸಾಯದೆ ಇನ್ನೇನು? ನಾಳೆಯೇ ಸರ್ವಿಸ್ ಸೆಂಟರಿಗೆ ಹೋಗಿ ಮೇಜು ಗುದ್ದುತ್ತೇನೆ.

ತಂತಿಗಂಟು | ಮಂಗಳವಾರ, ರಾತ್ರಿ 8:36

ಮೇಜು ಅಲ್ಲೇ ಇರುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿದೆಯೇ? ಡಿಕ್ಕಿಯ ಬಾಗಿಲು ತೆರೆದಿದೆಯೇ? ಒಳಗಿನ ದೀಪ?

ಮೌನಚಕ್ರ | ಮಂಗಳವಾರ, ರಾತ್ರಿ 8:38

ಉರಿಯುತ್ತಿದೆ.

ತಂತಿಗಂಟು | ಮಂಗಳವಾರ, ರಾತ್ರಿ 8:41

ಬಾಗಿಲ ಬೀಗದ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಮುಚ್ಚಿದ ಸ್ಥಿತಿಗೆ ತನ್ನಿ. ಬಾಗಿಲು ಹಾಕಿದೆ ಎಂದುಕೊಂಡು ಕಾರು ಮಲಗುತ್ತದೆ. ಮುಗಿದ ಮೇಲೆ ಕೊಂಡಿ ಬಿಡಿಸುವುದನ್ನು ಮರೆತು ಬಾಗಿಲು ಬಡಿಯಬೇಡಿ.

ಮೌನಚಕ್ರ | ಮಂಗಳವಾರ, ರಾತ್ರಿ 9:35

0.31 ಆಂಪಿಯರ್. ಅಲ್ಲಿಂದ ಕೆಳಗೆ ಇಳಿಯುತ್ತಿಲ್ಲ.

ತಂತಿಗಂಟು | ಮಂಗಳವಾರ, ರಾತ್ರಿ 9:50

0.05ರ ಒಳಗೆ ಇರಬೇಕಿತ್ತು. ಡ್ಯಾಶ್‌ಕ್ಯಾಮ್ (ರಸ್ತೆಯನ್ನು ಚಿತ್ರಿಸುವ ಕ್ಯಾಮೆರಾ) ಇದೆಯೇ?

ಮೌನಚಕ್ರ | ಮಂಗಳವಾರ, ರಾತ್ರಿ 9:58

ಇದೆ. ಆದರೆ ಅದು ಹೊಸದಲ್ಲ, ಕಾರು ಬಂದ ವಾರವೇ ನಮ್ಮ ಭಾವ ಹಾಕಿಕೊಟ್ಟದ್ದು. ಹತ್ತು ತಿಂಗಳು ಏನೂ ತೊಂದರೆ ಇರಲಿಲ್ಲ. ಅದಕ್ಕೇ ಹೇಳಲಿಲ್ಲ.

ತಂತಿಗಂಟು | ಮಂಗಳವಾರ, ರಾತ್ರಿ 10:01

ಹತ್ತು ತಿಂಗಳಾದ ಮೇಲೆ ಅದರಲ್ಲಿ ಏನಾದರೂ ಬದಲಾಯಿಸಿದಿರಾ?

ಮೌನಚಕ್ರ | ಮಂಗಳವಾರ, ರಾತ್ರಿ 10:26

ಯಾರೋ ಬಾಗಿಲಿಗೆ ಗೀರು ಹಾಕಿ ಹೋದರು. ಅಂದಿನಿಂದ ಪಾರ್ಕಿಂಗ್ ಕಾವಲು, ಅಂದರೆ ಕಾರು ನಿಂತಾಗಲೂ ಕ್ಯಾಮೆರಾ ನೋಡುತ್ತಿರುವಂತೆ, ಚಾಲೂ ಮಾಡಿದ್ದೇನೆ. ಆ್ಯಪ್‌ನಲ್ಲಿ ಒಂದು ಗುಂಡಿ, ಅಷ್ಟೇ. ಏನನ್ನೂ ‘ಹಾಕಿಸಿಲ್ಲ’.

ಈಗ ಕ್ಯಾಮೆರಾದ ಫ್ಯೂಸ್ ಕಿತ್ತೆ. ಮೀಟರ್ 0.03.

ತಂತಿಗಂಟು | ಮಂಗಳವಾರ, ರಾತ್ರಿ 10:45

ಇನ್ನು ಲೆಕ್ಕ ನೋಡಿ. 0.31 ಆಂಪಿಯರಿನಂತೆ ದಿನಕ್ಕೆ ಏಳೂವರೆ ಆಂಪಿಯರ್-ಅವರ್ ಹತ್ತಿರ. ಗುರುವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಗೆ 86 ಗಂಟೆ, ಅಂದರೆ 27. ನಿಮ್ಮ ಬ್ಯಾಟರಿಯ ಮೇಲೆ ಏನು ಬರೆದಿದೆ?

ಮೌನಚಕ್ರ | ಮಂಗಳವಾರ, ರಾತ್ರಿ 10:52

45.

ತಂತಿಗಂಟು | ಮಂಗಳವಾರ, ರಾತ್ರಿ 11:05

45 ಇರುವುದು ಸ್ಟಿಕ್ಕರಿನ ಮೇಲೆ. ಕಚೇರಿಗೆ ಎಷ್ಟು ಹೊತ್ತಿನ ದಾರಿ? ಇಪ್ಪತ್ತು ನಿಮಿಷ ಎಂದಿಟ್ಟುಕೊಂಡರೂ 27 ಖಾಲಿಯಾದದ್ದನ್ನು ಇಪ್ಪತ್ತಿಪ್ಪತ್ತು ನಿಮಿಷದ ಓಡಾಟ ತುಂಬಿಸುವುದಿಲ್ಲ. ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟ್ ಒಳಗೆಳೆದುಕೊಳ್ಳುವುದು ನಿಧಾನವಾಗುತ್ತದೆ. ಪ್ರತಿ ವಾರ ಅರೆಹೊಟ್ಟೆಯಲ್ಲೇ ಉಪವಾಸಕ್ಕೆ ಕೂರಿಸಿದ್ದೀರಿ. ಸರ್ವಿಸ್ ಸೆಂಟರಿನವರಿಗೆ ಏಕೆ ಸಿಗಲಿಲ್ಲ ಎಂದರೆ, ನೀವು ಓಡಿಸಿಕೊಂಡು ಹೋದಿರಿ, ಅವರು ಆಗತಾನೇ ಚಾರ್ಜ್ ಹೀರಿದ ಬ್ಯಾಟರಿಯನ್ನು ಅಳೆದರು. ನಿಂತ ಕಾರಿನ ಸೋರಿಕೆಯನ್ನು ಅಳೆಯಬೇಕೆಂದು ಅವರಿಗೆ ಹೊಳೆಯಬೇಕಿತ್ತು, ಅದು ಬೇರೆ ಮಾತು.

ಕ್ಯಾಮೆರಾದ ತಂತಿಯ ಪೆಟ್ಟಿಗೆಯಲ್ಲಿ ಎಷ್ಟು ವೋಲ್ಟಿಗೆ ಕಡಿಯಬೇಕೆಂಬ ಸ್ವಿಚ್ ಇರುತ್ತದೆ. ನೋಡಿ.

ಮೌನಚಕ್ರ | ಬುಧವಾರ, ಬೆಳಿಗ್ಗೆ 8:10

11.6ಕ್ಕೆ ಇತ್ತು.

ತಂತಿಗಂಟು | ಬುಧವಾರ, ಬೆಳಿಗ್ಗೆ 8:15

ಕಳ್ಳ ಮನೆ ಗುಡಿಸಿಕೊಂಡು ಹೋದ ಮೇಲೆ ಬಾಗಿಲು ಹಾಕುವ ಕಾವಲುಗಾರ. 12.4ಕ್ಕೆ ಏರಿಸಿ, ಇಲ್ಲವೇ ಕ್ಯಾಮೆರಾಕ್ಕೆ ಬೇರೆಯೇ ಸಣ್ಣ ಬ್ಯಾಟರಿ ಪ್ಯಾಕ್ ಕೊಡಿ. ಈಗಿನ ಬ್ಯಾಟರಿಯನ್ನು ಅದರ ಜಾತಿಗೆ ಹೊಂದುವ ಚಾರ್ಜರ್ ಹಾಕಿ ಒಂದು ರಾತ್ರಿ ತುಂಬಿಸಿ. ಚಾರ್ಜರ್ ಇಲ್ಲವಾದರೆ ‘ರೆಡಿ’ಯಲ್ಲಿ ನಿಲ್ಲಿಸಿಯೂ ತುಂಬಿಸಬಹುದು, ಆದರೆ ಮುಚ್ಚಿದ ಗ್ಯಾರೇಜಿನಲ್ಲಿ ಬೇಡವೇ ಬೇಡ. ಸದ್ದಿಲ್ಲ ಎಂದುಕೊಂಡಿರುವಾಗ ಎಂಜಿನ್ ತಾನಾಗಿ ಎದ್ದು ಹೊಗೆ ಬಿಡುತ್ತದೆ. ನಾಲ್ಕು ಸಲ ತಳ ಕಂಡ ಬ್ಯಾಟರಿ ಮೊದಲಿನಷ್ಟು ಬಾಳುವುದಿಲ್ಲ, ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಲೀಟರ್‌ಲೆಕ್ಕ | ಬುಧವಾರ, ಬೆಳಿಗ್ಗೆ 9:00

ನಾನು ಡಿಕ್ಕಿಯಲ್ಲಿ ಲಿಥಿಯಂ ಪ್ಯಾಕ್ ಹಾಕಿದ್ದೇನೆ. ಮುಂದೆ, ಹಿಂದೆ, ಒಳಗೆ ಮೂರು ಕ್ಯಾಮೆರಾ. ವೋಲ್ಟೇಜ್, ಬ್ಯಾಟರಿಯ ಬಿಸಿ, ಎಲ್ಲವನ್ನೂ ಫೋನಿಗೆ ಕಳಿಸುವ ರೀಡರ್ ಬೇರೆ. ಚಿತ್ರ ಹಾಕಲೇ?

ತಂತಿಗಂಟು | ಬುಧವಾರ, ಬೆಳಿಗ್ಗೆ 9:04

ಆ ರೀಡರನ್ನು ರಾತ್ರಿಯೂ ಸಾಕೆಟ್‌ನಲ್ಲೇ ಬಿಡುತ್ತೀರಾ?

ಲೀಟರ್‌ಲೆಕ್ಕ | ಬುಧವಾರ, ಬೆಳಿಗ್ಗೆ 9:40

ಈಗ ಕಿತ್ತೆ.

ಮೌನಚಕ್ರ | ಸೋಮವಾರ, ಬೆಳಿಗ್ಗೆ 9:10

ಬಟನ್ ಒತ್ತುವ ಮೊದಲು 12.5. ಮೊದಲ ಒತ್ತಿಗೇ ‘ರೆಡಿ’. ಪಾರ್ಕಿಂಗ್ ಕಾವಲು ಆರಿಸಿದ್ದೇನೆ. ಇನ್ನೊಂದು ಗೀರು ಬಿದ್ದರೆ ಬೀಳಲಿ. ಅಂಕ ಹತ್ತಕ್ಕೆ ಎಂಟು. ಒಂದನ್ನು ಕಳೆದದ್ದು ಆ ಸರ್ವಿಸ್ ಸೆಂಟರಿಗಾಗಿ. ತಂತಿಗಂಟು ಅವರಿಗೆ ಪಂಚಾಂಗದ ಮಾತಿಗೆ ಕ್ಷಮೆ ಕೋರುತ್ತೇನೆ.

ಹಳೆಯಗೇರು | ಸೋಮವಾರ, ಬೆಳಿಗ್ಗೆ 9:33

ಜಾಲರಿ ಸ್ವಚ್ಛ ಮಾಡಿದ ಮೇಲೆ ಮೈಲೇಜ್ ಏರಿದೆಯೇ?

ಮೌನಚಕ್ರ | ಸೋಮವಾರ, ಬೆಳಿಗ್ಗೆ 9:36

0.4 ಏರಿದೆ. ಟೈರಿಗೆ ಗಾಳಿಯನ್ನೂ ಹಾಕಿಸಿದ್ದೆ.

ಹಳೆಯಗೇರು | ಸೋಮವಾರ, ಬೆಳಿಗ್ಗೆ 9:37

ಜಾಲರಿಯಿಂದಲೇ.

ಹೊಸಬ27 | ಆರು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. ಪೂರ್ತಿ ಚರ್ಚೆ ಓದಿದೆ, ತುಂಬ ಉಪಯೋಗವಾಯಿತು. ನನಗೂ ಇದೇ ತೊಂದರೆ, ಆದರೆ ನನ್ನ ಕಾರಿನಲ್ಲಿ ಹೊರಗಿನದು ಏನೂ ಇಲ್ಲ. ಪರಿಹಾರ ತಿಳಿಸಿ.

ತಂತಿಗಂಟು | ಆರು ವಾರಗಳ ನಂತರ

ಡ್ಯಾಶ್‌ಕ್ಯಾಮ್?

ಹೊಸಬ27 | ಆರು ವಾರಗಳ ನಂತರ

ಅದೊಂದನ್ನು ಬಿಟ್ಟು.